ಬಯಲುಸೀಮೆಯ ಗಾಳಿ, ಗಣಕದ ಕಾವು

ನಂದಿಬೆಟ್ಟದ ನೆತ್ತಿಯು ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದಲ್ಲಿದೆ. ಅದರ ತಪ್ಪಲಿನ ಚಿಕ್ಕಬಳ್ಳಾಪುರವು 900 ಮೀಟರಿಗೆ ತುಸು ಮೇಲಿದೆ. ಅಲ್ಲಿಂದ ಉತ್ತರ ಪಿನಾಕಿನಿಯ ಜಾಡು ಹಿಡಿದು ಇಳಿಯುತ್ತ ಹೋದರೆ ಸಿಕ್ಕುವ ಗೌರಿಬಿದನೂರು 700 ಮೀಟರಿನ ಆಸುಪಾಸಿಗೆ ಬಂದುಬಿಡುತ್ತದೆ. ಶಿಡ್ಲಘಟ್ಟ ಮತ್ತು ಚಿಂತಾಮಣಿಗಳು ಇವೆರಡರ ನಡುವಣ ಎತ್ತರದಲ್ಲಿ, ಪೂರ್ವದ ಮಗ್ಗುಲಿನಲ್ಲಿ ನೆಲೆಗೊಂಡಿವೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಈ ಜಿಲ್ಲೆಯಲ್ಲಿ, ಒಂದೇ ದಿನದ ಒಂದೇ ಗಳಿಗೆಯಲ್ಲಿ ಊರಿನಿಂದ ಊರಿಗೆ ಗಾಳಿಯ ಬಿಸುಪು ಬದಲಾಗುವುದನ್ನು ಬಸ್ಸಿನಲ್ಲಿ ಓಡಾಡುವವರೆಲ್ಲರೂ ಬಲ್ಲರು; ಏಪ್ರಿಲ್ ತಿಂಗಳ ಅಪರಾಹ್ಣದಲ್ಲಿ ಗೌರಿಬಿದನೂರಿನ ನೆರಳಿನಲ್ಲಿಯೂ 36, 37 ಡಿಗ್ರಿ ಕಾಣುವುದು ಅಪರೂಪವೇನಲ್ಲ. ಆ ಬಿಸುಪು ಮನೆಯೊಳಗೆ ಮೇಜಿನ ಕೆಳಗಿರಿಸಿದ ಗಣಕಯಂತ್ರದ ಪೆಟ್ಟಿಗೆಯೊಳಕ್ಕೂ ನುಗ್ಗಿ, ಅಲ್ಲಿ ನಡೆಯುವ ಲೆಕ್ಕಾಚಾರದ ವೇಗಕ್ಕೇ ಮಿತಿ ಹಾಕುತ್ತದೆಂಬ ಸಂಗತಿ ಮಾತ್ರ ಅಷ್ಟಾಗಿ ಜನರ ಗಮನಕ್ಕೆ ಬಂದಿಲ್ಲ.

ಮದುವೆಯ ವಿಡಿಯೋಗಳನ್ನು ಸಂಕಲಿಸುವ ಸ್ಟುಡಿಯೋದವರು, ಲಗ್ನಪತ್ರಿಕೆ ಕರಪತ್ರಗಳನ್ನು ಜೋಡಿಸುವ ಡಿಟಿಪಿ ಅಂಗಡಿಯವರು, ರೇಷ್ಮೆ ನೂಲಿನ ಲೆಕ್ಕ ಬರೆಯುವವರು, ಇಂಜಿನಿಯರಿಂಗ್ ಓದುವ ಮಕ್ಕಳು, 2020ರ ಸಾಂಕ್ರಾಮಿಕದ ಕಾಲದಲ್ಲಿ ಬೆಂಗಳೂರಿನ ಬಾಡಿಗೆಯ ಕೊಠಡಿ ಬಿಟ್ಟು ಊರಿಗೆ ಮರಳಿ ಮನೆಯಿಂದಲೇ ಕೆಲಸಕ್ಕೆ ತೊಡಗಿದವರು, ಹೀಗೆ ಈ ಪಟ್ಟಣಗಳಲ್ಲಿ ಮೇಜಿನ ಗಣಕವನ್ನು ದಿನವೆಲ್ಲ ದುಡಿಸುವ ಕುಟುಂಬಗಳು ಈಗ ಬಹಳ ಉಂಟು. ಬೇಸಗೆ ಬಂತೆಂದರೆ ಇವರೆಲ್ಲರ ದೂರೂ ಹೆಚ್ಚುಕಡಮೆ ಒಂದೇ ಬಗೆಯದು: ಫ್ಯಾನು ಭೋರ್ಗರೆಯುತ್ತದೆ, ಕೆಲಸ ನಿಧಾನವಾಗುತ್ತದೆ, ಒಮ್ಮೊಮ್ಮೆ ಯಂತ್ರವು ಮುನ್ಸೂಚನೆಯಿಲ್ಲದೆ ತಾನಾಗಿ ಆರಿಹೋಗುತ್ತದೆ. ವೈರಸ್ ಬಂದಿರಬೇಕೆಂದು ಕೆಲವರು, ಯಂತ್ರ ಹಳತಾಯಿತೆಂದು ಕೆಲವರು, ಕರೆಂಟಿನ ಏರಿಳಿತವೆಂದು ಮತ್ತೆ ಕೆಲವರು ಊಹಿಸಿ, ಕಡೆಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಹೊಸ ಭಾಗಗಳಿಗೆ ಹಣ ಸುರಿಯುವುದುಂಟು. ಇಂಥ ಪ್ರಸಂಗಗಳಲ್ಲಿ ಬಹುಪಾಲಿಗೆ ಪರಿಹಾರವು ಅಂಗಡಿಯಲ್ಲಿರದೆ ಆ ಮನೆಯ ಕೋಣೆಯಲ್ಲಿಯೇ ಇರುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಸಕಾರಣವಾಗಿ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಕಾವು ಎಲ್ಲಿಂದ ಹುಟ್ಟುತ್ತದೆಂಬುದನ್ನು ನೋಡೋಣ. ಪ್ರೊಸೆಸರ್ ಎಂಬುದು ಬೆರಳಿನ ಉಗುರಿನಷ್ಟೇ ಅಗಲದ ಸಿಲಿಕಾನ್ ಬಿಲ್ಲೆ. ಅದರಲ್ಲಿ ಕೋಟ್ಯಂತರ ಟ್ರಾನ್ಸಿಸ್ಟರುಗಳು ಕ್ಷಣಾರ್ಧಕ್ಕೂ ಎಷ್ಟೋ ಕಿರಿದಾದ ಕಾಲಾಂಶದಲ್ಲಿ ತೆರೆದು ಮುಚ್ಚುತ್ತಿರುತ್ತವೆ. ಮೋಟಾರಿಗೆ ಕೊಟ್ಟ ವಿದ್ಯುತ್ತಿನ ದೊಡ್ಡ ಪಾಲು ಚಲನೆಯಾಗಿ ಪರಿಣಮಿಸಿದರೆ, ಪ್ರೊಸೆಸರಿಗೆ ಕೊಟ್ಟ ವಿದ್ಯುತ್ತು ಸಮಸ್ತವೂ ಕಡೆಗೆ ಶಾಖವಾಗಿಯೇ ಹೊರಬೀಳತಕ್ಕದ್ದು. ಅರವತ್ತೈದು ವಾಟನ್ನು ಕುಡಿಯುವ ಪ್ರೊಸೆಸರ್ ಅರವತ್ತೈದು ವಾಟಿನ ಕಾವನ್ನು ಉಗುಳುತ್ತದೆ, ಅದೂ ಉಗುರಿನಗಲದ ಜಾಗದಿಂದ.

ಆದಿಯಲ್ಲಿ ಹೀಗಿರಲಿಲ್ಲ. 1971ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ 4004 ಎಂಬ ಚಿಪ್ಪಿನಲ್ಲಿದ್ದುದು 2300 ಟ್ರಾನ್ಸಿಸ್ಟರುಗಳು ಮಾತ್ರ. ಅದನ್ನು ತಣಿಸಲು ಯಾವ ಉಪಕರಣವೂ ಬೇಕಾಗಿರಲಿಲ್ಲ. ಟ್ರಾನ್ಸಿಸ್ಟರನ್ನು ಕಿರಿದು ಮಾಡಿದಷ್ಟೂ ಅದಕ್ಕೆ ಕೊಡುವ ವೋಲ್ಟೇಜನ್ನೂ ತಗ್ಗಿಸಬಹುದು, ಆದುದರಿಂದ ಅದೇ ವಿಸ್ತೀರ್ಣದಲ್ಲಿ ಎಷ್ಟು ಹೆಚ್ಚು ಟ್ರಾನ್ಸಿಸ್ಟರುಗಳನ್ನು ತುಂಬಿದರೂ ಕಾವಿನ ಸಾಂದ್ರತೆ ಏರಲಾರದು ಎಂಬ ನಿಯಮವನ್ನು ಅಮೆರಿಕದ ರಾಬರ್ಟ್ ಡೆನಾರ್ಡ್ ಮತ್ತು ಅವರ ಸಹೋದ್ಯೋಗಿಗಳು 1974ರಲ್ಲಿ ಪ್ರತಿಪಾದಿಸಿದರು. ಉದ್ಯಮವು ಮೂರು ದಶಕಗಳ ಕಾಲ ಈ ನಿಯಮದ ಆಶ್ರಯದಲ್ಲಿ ಬೆಳೆಯಿತು. ಆದರೂ ವೇಗದ ಆಸೆ ನಿಯಮವನ್ನು ಮೀರಿ ಓಡುತ್ತಿತ್ತಾಗಿ, 1993ರ ಪೆಂಟಿಯಂ ಕಾಲಕ್ಕೆ ಪ್ರೊಸೆಸರಿನ ತಲೆಯ ಮೇಲೆ ಫ್ಯಾನು ಕೂರಿಸುವುದು ರೂಢಿಗೆ ಬಂದಿತು. 2004ರ ಪೆಂಟಿಯಂ 4 ನೂರು ವಾಟಿನ ಎಲ್ಲೆಯನ್ನು ದಾಟಿತು. ವೋಲ್ಟೇಜು ಇನ್ನು ತಗ್ಗಲೊಲ್ಲದು, ಮುಚ್ಚಿದ ಟ್ರಾನ್ಸಿಸ್ಟರುಗಳಿಂದಲೂ ವಿದ್ಯುತ್ತು ಸೋರತೊಡಗಿತು. ಅದೇ ವರ್ಷದ ಮೇ ತಿಂಗಳಲ್ಲಿ ಇಂಟೆಲ್ ಇನ್ನೂ ಹೆಚ್ಚಿನ ವೇಗದ ತನ್ನ ತೇಜಸ್ ಯೋಜನೆಯನ್ನು ಕೈಬಿಟ್ಟು, ಒಂದೇ ಬಿಲ್ಲೆಯಲ್ಲಿ ಕೋರುಗಳೆಂಬ ಒಂದಕ್ಕಿಂತ ಹೆಚ್ಚು ಪ್ರೊಸೆಸರುಗಳನ್ನು ಕೂಡಿಸುವ ಮಾರ್ಗಕ್ಕೆ ಹೊರಳಿತು. ಇಂದು ನಮ್ಮ ಗಣಕಗಳಲ್ಲಿ ನಾಲ್ಕು, ಆರು, ಎಂಟು ಕೋರುಗಳಿರುವುದಕ್ಕೆ ಕಾವೇ ಮುಖ್ಯ ಕಾರಣ.

ಈಗ ವಿಷಯದ ಹೃದಯಕ್ಕೆ ಬರಬಹುದು. ಗಾಳಿಯಿಂದ ತಣಿಯುವ ಪ್ರೊಸೆಸರ್ ಎಂದಿಗೂ ತನ್ನ ಸುತ್ತಲಿನ ಗಾಳಿಗಿಂತ ತಂಪಾಗಲಾರದು. ಅದರ ತಾಪವೆಂದರೆ ಎರಡು ಮೊತ್ತಗಳ ಕೂಡಿಕೆ: ಒಂದು ಕೋಣೆಯ ಗಾಳಿಯ ತಾಪ, ಇನ್ನೊಂದು ಸಿಲಿಕಾನಿನಿಂದ ಆ ಗಾಳಿಯವರೆಗಿನ ದಾರಿಯಲ್ಲಿ ಕಾವಿಗೆ ಎದುರಾಗುವ ಅಡ್ಡಿಯಿಂದ ಉಂಟಾಗುವ ಏರಿಕೆ. ಪ್ರತಿ ವಾಟಿಗೆ ಅರ್ಧ ಡಿಗ್ರಿಯಷ್ಟು ಏರಿಕೆಗೆ ಎಡೆಗೊಡುವ, ಲೋಹದ ಹೀಟ್ ಸಿಂಕೂ ಫ್ಯಾನೂ ಸೇರಿದ ಸಾಧಾರಣ ಕೂಲರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇಂಟೆಲ್ಲಿನ ಐ5-12400 ಪ್ರೊಸೆಸರಿನ ಪೆಟ್ಟಿಗೆಯ ಮೇಲೆ 65 ವಾಟ್ ಎಂದಿದ್ದರೂ, ಪೂರ್ಣ ವೇಗದ ಅವಸರದಲ್ಲಿ ಅದಕ್ಕೆ 117 ವಾಟ್‌ವರೆಗೆ ಹೋಗುವ ಅನುಮತಿಯಿದೆ. ಕೋಣೆಯಲ್ಲಿ 27 ಡಿಗ್ರಿ ಇರುವಾಗ 65 ವಾಟಿನಲ್ಲಿ ಅದು 60ರ ಹತ್ತಿರ ನಿಲ್ಲುತ್ತದೆ. 117 ವಾಟಿನಲ್ಲಿ 86ಕ್ಕೆ ಸಮೀಪಿಸುತ್ತದೆ. ಕೋಣೆಯೇ 37 ಡಿಗ್ರಿಯಾದರೆ ಆ 86 ಎಂಬುದು 96 ಆಗುತ್ತದೆ. ಇಂಥ ಪ್ರೊಸೆಸರುಗಳು ನೂರು ಡಿಗ್ರಿಯ ಎಲ್ಲೆ ಮುಟ್ಟಿದೊಡನೆ ತಮ್ಮನ್ನು ರಕ್ಷಿಸಿಕೊಳ್ಳಲು ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಜನವರಿಯಲ್ಲಿ ಚಿಕ್ಕಬಳ್ಳಾಪುರದಲ್ಲಿ ಸಲೀಸಾಗಿ ನಡೆದ ಅದೇ ಯಂತ್ರ ಏಪ್ರಿಲಿನಲ್ಲಿ ಗೌರಿಬಿದನೂರಿನಲ್ಲಿ ಏದುಸಿರು ಬಿಡುವುದರಲ್ಲಿ ರಹಸ್ಯವೇನೂ ಇಲ್ಲ. ಎತ್ತರದ ಊರಿನಲ್ಲಿ ಗಾಳಿ ತುಸು ತೆಳುವೆಂಬುದೂ ನಿಜ. 900 ಮೀಟರಿನಲ್ಲಿ ಅದರ ಸಾಂದ್ರತೆ ಕಡಲ ತೀರದ್ದಕ್ಕಿಂತ ನೂರಕ್ಕೆ ಎಂಟೊಂಬತ್ತು ಪಾಲು ಕಡಮೆ, ಅಷ್ಟರಮಟ್ಟಿಗೆ ಫ್ಯಾನು ಹೊತ್ತೊಯ್ಯುವ ಕಾವೂ ಕಡಮೆ. ಆದರೆ ಈ ನಷ್ಟವನ್ನು ಎತ್ತರದ ತಂಪು ಬಹುಮಟ್ಟಿಗೆ ತುಂಬಿಕೊಡುತ್ತದೆ.

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಈ ತತ್ತ್ವವನ್ನು ಹೊಸದಾಗಿ ಬೋಧಿಸಬೇಕಾಗಿಲ್ಲ. ಎಳೆಯದಾದ ಚಾಕಿ ಹುಳುವಿಗೆ 27, 28 ಡಿಗ್ರಿಯೂ, ನಾಲ್ಕನೆಯ ಜ್ವರ ಕಳೆದ ದೊಡ್ಡ ಹುಳುವಿಗೆ 24, 25 ಡಿಗ್ರಿಯೂ ಹಿತವೆಂಬುದನ್ನು ಅವರು ಬಲ್ಲರು. ಹುಳು ದೊಡ್ಡದಾದಷ್ಟೂ, ಸೊಪ್ಪು ಹೆಚ್ಚು ತಿಂದಷ್ಟೂ, ಹುಳುಮನೆಯಲ್ಲಿ ಕಾವೂ ತೇವವೂ ಹೆಚ್ಚುವುದೆಂದು ತಿಳಿದು ಕಿಟಕಿಗಳನ್ನು ತೆರೆಯುತ್ತಾರೆ, ಒಣಗಾಳಿಯ ದಿನಗಳಲ್ಲಿ ನೆನೆಸಿದ ಗೋಣಿತಾಟನ್ನು ಇಳಿಬಿಡುತ್ತಾರೆ, ಸೂರಿನ ಮೇಲೆ ತೆಂಗಿನ ಗರಿ ಹೊದಿಸುತ್ತಾರೆ. ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಏರಿದ ಮೇಲಂತೂ ಗಾಳಿ ಆಡದಿದ್ದರೆ ಗೂಡಿನ ನೂಲು ಸರಿಯಾಗಿ ಬಿಚ್ಚುವುದಿಲ್ಲವೆಂದು ಚಂದ್ರಿಕೆಗಳನ್ನು ಒತ್ತೊತ್ತಾಗಿ ನಿಲ್ಲಿಸುವುದಿಲ್ಲ. ಒಳಗೆ ಹುಟ್ಟುವ ಕಾವನ್ನು ಲೆಕ್ಕಕ್ಕೆ ಹಿಡಿದು ಹೊರಗಿನ ಗಾಳಿಯನ್ನು ವ್ಯವಸ್ಥೆಗೊಳಿಸುವ ಈ ವಿವೇಕವನ್ನು ಹುಳುಮನೆಯಿಂದ ಪಕ್ಕದ ಕೋಣೆಯ ಗಣಕದವರೆಗೆ ತಂದರೆ ಅರ್ಧ ಕೆಲಸ ಮುಗಿದಂತೆಯೇ.

ಅದನ್ನು ತರುವುದು ಹೇಗೆಂದರೆ, ಪೆಟ್ಟಿಗೆಯನ್ನು ಇರಿಸಿದ ಜಾಗವನ್ನು ಮೊದಲು ಪರೀಕ್ಷಿಸತಕ್ಕದ್ದು. ಗಣಕಕ್ಕೆಂದೇ ಮಾಡಿಸಿದ ಮೇಜಿನ ಕೆಳಗಣ ಇಕ್ಕಟ್ಟಾದ ಗೂಡಿನಲ್ಲಿ, ಹಿಂಬದಿಯು ಗೋಡೆಗೆ ಅಂಟುವಂತೆ ಅದನ್ನು ತೂರಿಸಿಟ್ಟಿರುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಹಿಂದಿನ ಫ್ಯಾನು ಹೊರದೂಡಿದ ಬಿಸಿಗಾಳಿಯು ಹೋಗಲು ಎಡೆಯಿಲ್ಲದೆ ಸುತ್ತಿ ಬಂದು ಮುಂದಿನ ಕಿಂಡಿಯಿಂದ ಮತ್ತೆ ಒಳಹೊಗುತ್ತದೆ. ಹಿಂದೆ ಒಂದು ಗೇಣು, ಪಕ್ಕದಲ್ಲಿ ನಾಲ್ಕು ಬೆರಳು ತೆರಪು ಬಿಟ್ಟರೆ ಸಾಕು. ಕಲ್ಲುಚಪ್ಪಡಿಯ ಹಳೆಯ ಮನೆಗಳೂ ಕಾಂಕ್ರೀಟಿನ ತಾರಸಿಯ ಮನೆಗಳೂ ಹಗಲಿನ ಬಿಸಿಲನ್ನು ಹೀರಿಟ್ಟುಕೊಂಡು ಸಂಜೆಗೆ ಕೆಳಕ್ಕೆ ಬಿಡುವುದರಿಂದ, ಮೇಲಂತಸ್ತಿನ ಕೋಣೆಗಿಂತ ಕೆಳಗಿನದೂ, ಪಡುವಣ ಗೋಡೆಗಿಂತ ಮೂಡಣ ಗೋಡೆಯ ಮಗ್ಗುಲೂ ಮೇಲು. ಶೀಟಿನ ಮನೆಯಲ್ಲಿ ಮಧ್ಯಾಹ್ನದ ಭಾರೀ ಕೆಲಸವನ್ನು ನಿಲ್ಲಿಸುವುದೇ ಲೇಸು. ಗಣಕವೂ ಪರದೆಯೂ ಸೇರಿ ಇನ್ನೂರು ವಾಟ್ ಬಳಸುತ್ತಿದ್ದರೆ ಕೋಣೆಯಲ್ಲಿ ಇನ್ನಿಬ್ಬರು ಮನುಷ್ಯರು ಕುಳಿತಷ್ಟು ಕಾವು ಸೇರುತ್ತದೆ; ಧೂಳಿಗೆ ಹೆದರಿ ಕಿಟಕಿ ಬಾಗಿಲು ಮುಚ್ಚಿದರೆ ಆ ಕಾವು ಅಲ್ಲಿಯೇ ಉಳಿದು ತಾಪವನ್ನು ಗಂಟೆಗಂಟೆಗೂ ಏರಿಸುತ್ತದೆ. ಸೀಲಿಂಗ್ ಫ್ಯಾನಿನ ಕೆಳಗೆ ನಮಗೆ ತಂಪೆನಿಸುವುದು ಮೈಬೆವರು ಆರುವುದರಿಂದ. ಬೆವರದ ಯಂತ್ರಕ್ಕೆ ಆ ಸುಖವಿಲ್ಲ, ನಿಂತ ಬಿಸಿಗಾಳಿ ಚೆದರುವಷ್ಟೇ ಲಾಭ. ಕೋಣೆಗಿಡುವ ನೀರಿನ ಕೂಲರು ನಮ್ಮ ಒಣಬೇಸಗೆಯಲ್ಲಿ ಕೋಣೆಯ ತಾಪವನ್ನು ನಿಜವಾಗಿ ಇಳಿಸಬಲ್ಲದು, ಆದರೆ ಕಿಟಕಿ ತೆರೆದಿರಬೇಕು ಮತ್ತು ಅದರ ಗಾಳಿ ನೇರವಾಗಿ ಪೆಟ್ಟಿಗೆಗೆ ಬಡಿಯಬಾರದು; ಈ ಜಿಲ್ಲೆಯ ಕೊಳವೆಬಾವಿಯ ಗಡಸು ನೀರಿನಲ್ಲಿರುವ ಲವಣಾಂಶವು ತುಂತುರಿನೊಡನೆ ಹಾರಿ ಬಂದು ಲೋಹದ ಮೇಲೆ ಬಿಳಿಯ ಪೊರೆಯಾಗಿ ಕೂರುವ ಸಂಭವವುಂಟು.

ಧೂಳಿನ ವಿಚಾರವನ್ನು ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಸೀಮೆಯ ಧೂಳು ಒಂದೇ ಬಗೆಯದಲ್ಲ. ಚಿಕ್ಕಬಳ್ಳಾಪುರದ ಸುತ್ತಿನ ಕಲ್ಲುಗಣಿಗಳಿಂದಲೂ ಜಲ್ಲಿ ಕ್ರಷರುಗಳಿಂದಲೂ ಏಳುವ ಹುಡಿ ನುಣುಪಾಗಿ ಫ್ಯಾನಿನ ರೆಕ್ಕೆಗಳಿಗೂ ಬೇರಿಂಗಿಗೂ ಹತ್ತುತ್ತದೆ. ಸುಗ್ಗಿಯ ಕಾಲದಲ್ಲಿ ರಸ್ತೆಯನ್ನೇ ಕಣ ಮಾಡಿಕೊಂಡು ರಾಗಿ ಒಕ್ಕುವಾಗ ಹಾರುವ ಹೊಟ್ಟು ಹೀಟ್ ಸಿಂಕಿನ ಹಲ್ಲುಗಳ ನಡುವೆ ಚಾಪೆಯಂತೆ ಹೆಣೆದುಕೊಳ್ಳುತ್ತದೆ. ನೂಲು ಬಿಚ್ಚುವ ಘಟಕಗಳ ನೆರೆಯಲ್ಲಿ ಸೌದೆಯ ಹೊಗೆ ಮತ್ತು ಹಬೆ ಸೇರಿ ಧೂಳನ್ನು ಜಿಡ್ಡುಗಟ್ಟಿಸುತ್ತವೆ. ಹೀಟ್ ಸಿಂಕಿನ ಹಲ್ಲುಗಳಿರುವುದೇ ಗಾಳಿಗೆ ತಾಗುವ ಮೈಯನ್ನು ಹಿಗ್ಗಿಸಲು; ಅವುಗಳ ಸಂದು ಮುಚ್ಚಿತೆಂದರೆ ಫ್ಯಾನು ಎಷ್ಟು ಬಿರುಸಾಗಿ ತಿರುಗಿದರೂ ಗಾಳಿ ಮೇಲಿನಿಂದಲೇ ಜಾರಿಹೋಗುತ್ತದೆ. ಬೇರೆ ಊರುಗಳಲ್ಲಿ ವರ್ಷಕ್ಕೊಮ್ಮೆ ಸಾಕೆನ್ನುವ ಶುಚಿಕಾರ್ಯವನ್ನು ಇಲ್ಲಿ ಎರಡು ಬಾರಿ ಮಾಡುವುದು ಯುಕ್ತ: ಸುಗ್ಗಿ ಮುಗಿದು ಬೇಸಗೆ ಹತ್ತುವ ಮುನ್ನ ಒಮ್ಮೆ, ಮಳೆ ಹಿಡಿದ ಮೇಲೆ ಇನ್ನೊಮ್ಮೆ.

ಶುಚಿಗೊಳಿಸುವ ಕ್ರಮ ಸರಳ. ಪ್ಲಗ್ಗನ್ನು ಕಿತ್ತು, ಪವರ್ ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಕಳೆದು, ಪೆಟ್ಟಿಗೆಯನ್ನು ಹೊರಗಿನ ಜಗಲಿಗೆ ಒಯ್ದು ಪಕ್ಕದ ಹಲಗೆ ಬಿಚ್ಚಬೇಕು. ಮೆತ್ತನೆಯ ಒಣ ಬ್ರಷ್ಷಿನಿಂದ ಅಂಟಿದ್ದನ್ನು ಸಡಿಲಿಸಿ ಬ್ಲೋಯರಿನಿಂದ ಊದಬೇಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯತಕ್ಕದ್ದು, ಇಲ್ಲವಾದರೆ ಅದು ತನ್ನ ಮಿತಿಗೆ ಮೀರಿದ ವೇಗದಲ್ಲಿ ಸುತ್ತಿ ಬೇರಿಂಗು ಕೆಡುತ್ತದೆ. ಗಣಕಕ್ಕೆ ವಿದ್ಯುತ್ತು ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಹೊರಗಿನಿಂದ ಊದಬಹುದೇ ಹೊರತು ಎಂದಿಗೂ ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೆಯೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ಉಳಿದಿರುತ್ತದೆ. ಒದ್ದೆ ಬಟ್ಟೆ ಸರ್ವಥಾ ಕೂಡದು.

ಇಷ್ಟಾದ ಮೇಲೂ ತಾಪ ಇಳಿಯದಿದ್ದರೆ ಹೀಟ್ ಸಿಂಕು ಪ್ರೊಸೆಸರಿನ ಮೇಲೆ ಸರಿಯಾಗಿ ಕುಳಿತಿದೆಯೇ ಎಂದು ನೋಡಬೇಕು. ಇಂಟೆಲ್ ಪ್ರೊಸೆಸರಿನೊಡನೆ ಬರುವ ಕೂಲರನ್ನು ಮದರ್‌ಬೋರ್ಡಿಗೆ ಹಿಡಿದಿಡುವುದು ನಾಲ್ಕು ಪ್ಲಾಸ್ಟಿಕ್ ಕಾಲುಗಳು. ಬಸ್ಸಿನಲ್ಲಿ ಸಾಗಿಸುವಾಗ ಕುಲುಕಿಯೋ, ಕೂರಿಸಿದವರ ಅವಸರದಿಂದಲೋ ಅವುಗಳಲ್ಲೊಂದು ಮೇಲೆದ್ದಿರುವುದು ಅತಿಸಾಮಾನ್ಯವಾದ ದೋಷ. ಹೊಸ ಗಣಕವೇ ಕಾಯುತ್ತಿದ್ದರೆ ಮೊದಲ ಸಂಶಯ ಇದರ ಮೇಲೆಯೇ ಹೋಗತಕ್ಕದ್ದು. ಕೂಲರನ್ನು ಮೆಲ್ಲನೆ ಅಲುಗಿಸಿದರೆ ಸಡಿಲವು ಗೊತ್ತಾಗುತ್ತದೆ. ಕರ್ಣರೇಖೆಯಲ್ಲಿ ಎದುರುಬದುರಾದ ಕಾಲುಗಳನ್ನು ಜೊತೆಜೊತೆಯಾಗಿ ಒತ್ತಿದರೆ ಟಿಕ್ಕೆಂದು ಕೂರುತ್ತವೆ.

ಪ್ರೊಸೆಸರಿನ ಮುಚ್ಚಳ, ಹೀಟ್ ಸಿಂಕಿನ ತಳ ಎರಡೂ ಕಣ್ಣಿಗೆ ನಯವಾಗಿ ಕಂಡರೂ ಸೂಕ್ಷ್ಮದಲ್ಲಿ ಉಬ್ಬುತಗ್ಗುಗಳುಳ್ಳವು. ಅವುಗಳ ನಡುವಣ ಸಂದಿನಲ್ಲಿ ನಿಂತ ಗಾಳಿ ಶಾಖಕ್ಕೆ ಬಲವಾದ ತಡೆ. ಆ ಗಾಳಿಯ ಸ್ಥಾನವನ್ನು ತುಂಬಲೆಂದೇ ಥರ್ಮಲ್ ಪೇಸ್ಟ್ ಇರುವುದು. ಸಾಧಾರಣವಾದ ಪೇಸ್ಟು ಕೂಡ ಗಾಳಿಗಿಂತ ನೂರು ಪಟ್ಟಿಗೂ ಮಿಕ್ಕಿ ಶಾಖವನ್ನು ಸಾಗಿಸುತ್ತದೆ, ತಾಮ್ರವಾದರೋ ಅದಕ್ಕಿಂತಲೂ ಹತ್ತಾರು ಪಟ್ಟು. ಆದುದರಿಂದ ಪೇಸ್ಟನ್ನು ದಪ್ಪವಾಗಿ ಮೆತ್ತಿದಷ್ಟೂ ಒಳ್ಳೆಯದೆಂಬ ಭಾವನೆ ತಪ್ಪು. ಲೋಹ ಲೋಹಕ್ಕೆ ತಾಗುವಲ್ಲಿ ಅದು ಇರಲೇಬಾರದು, ಸಂದಿದ್ದಲ್ಲಿ ಮಾತ್ರ ಇರಬೇಕು. ಕೆಲವು ವರ್ಷಗಳಲ್ಲಿ ಅದು ಒಣಗಿ ಬಿರಿಯುತ್ತದೆ. ಆಗ ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತೊಟ್ಟಿಕ್ಕಿದ ಎಳೆಬಿಡದ ಬಟ್ಟೆಯಿಂದ ಒರೆಸಿ ತೆಗೆದು, ಬಟಾಣಿಕಾಳಿನಷ್ಟು ಹೊಸ ಪೇಸ್ಟನ್ನು ನಡುವೆ ಇಟ್ಟು ಕೂಲರನ್ನು ಸಮನಾಗಿ ಒತ್ತಿ ಬಿಗಿದರೆ ಸಾಕು. ಎ.ಎಂ.ಡಿ.ಯ ಎ.ಎಂ.4 ಪ್ರೊಸೆಸರುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯಕ: ಒಣಗಿದ ಪೇಸ್ಟು ಗೋಂದಿನಂತೆ ಹಿಡಿದಿರುತ್ತದಾಗಿ, ಕೂಲರನ್ನು ನೆಟ್ಟಗೆ ಮೇಲೆಳೆದರೆ ಪ್ರೊಸೆಸರೂ ಅದರೊಡನೆ ಕಿತ್ತು ಬಂದು ಅಡಿಯ ಸೂಜಿಗಳು ಬಾಗುತ್ತವೆ, ಯಂತ್ರವನ್ನು ಹತ್ತು ನಿಮಿಷ ದುಡಿಸಿ ಪೇಸ್ಟು ಮೆತ್ತಗಾದ ಮೇಲೆ ಆರಿಸಿ, ಪ್ಲಗ್ಗು ಕಿತ್ತು, ಕೂಲರನ್ನು ಅತ್ತಿತ್ತ ಮೆಲ್ಲಗೆ ತಿರುಚಿ ಬಿಡಿಸಬೇಕು.

ಈ ಕೆಲಸಗಳ ಹಿಂದೆ ಮುಂದೆ ತಾಪವನ್ನು ಅಳೆಯದಿದ್ದರೆ ಶ್ರಮವೆಲ್ಲ ಕತ್ತಲಲ್ಲಿ ತಡವಿದಂತಾಗುವುದು. ಗಣಕ ಶುರುವಾಗುವಾಗ ತೆರೆಯಬಹುದಾದ ಬಯಾಸ್ ಪರದೆಯಲ್ಲಿಯೂ, ಎಚ್‌ಡಬ್ಲ್ಯುಇನ್ಫೋ, ಕೋರ್ ಟೆಂಪ್ ಮುಂತಾದ ಉಚಿತ ತಂತ್ರಾಂಶಗಳಲ್ಲಿಯೂ ಪ್ರೊಸೆಸರಿನ ತಾಪ ಕಾಣುತ್ತದೆ. ಅದರ ಪಕ್ಕದಲ್ಲಿ ಕೋಣೆಯ ತಾಪವನ್ನೂ ಬರೆದುಕೊಳ್ಳತಕ್ಕದ್ದು, ಏಕೆಂದರೆ ಮಾರ್ಚಿನ ಬೆಳಗಿನ ಅಂಕಿಯನ್ನು ಮೇ ತಿಂಗಳ ಮಧ್ಯಾಹ್ನದ ಅಂಕಿಯೊಡನೆ ಹೋಲಿಸಿದರೆ ಏನೂ ತಿಳಿಯದು, ಎರಡರ ಅಂತರವನ್ನೇ ಹೋಲಿಸಬೇಕು. ಭಾರೀ ಕೆಲಸದಲ್ಲಿ 80ರೊಳಗೆ ನಿಂತರೆ ನಿಶ್ಚಿಂತೆ. 90 ದಾಟಿದರೆ ಕಾರಣ ಹುಡುಕಬೇಕು. ಎ.ಎಂ.ಡಿ.ಯ ರೈಸನ್ 7000 ಶ್ರೇಣಿಯನ್ನು ಮಾತ್ರ 95 ಡಿಗ್ರಿಯವರೆಗೆ ನಿರಾತಂಕವಾಗಿ ದುಡಿಯುವಂತೆಯೇ ರಚಿಸಿರುವುದರಿಂದ ಅಲ್ಲಿ ಆ ಅಂಕಿಗೆ ಗಾಬರಿಯಾಗಬೇಕಾಗಿಲ್ಲ.

ದೊಡ್ಡ ಕೂಲರು ಕೊಳ್ಳುವ ಪ್ರಶ್ನೆ ಇಲ್ಲಿಂದ ಮುಂದಿನದು. ತಾಮ್ರದ ಹೀಟ್ ಪೈಪುಗಳುಳ್ಳ ಎತ್ತರದ ಕೂಲರು ಬೆಲೆಗೆ ತಕ್ಕ ಪದಾರ್ಥ: ಆ ಕೊಳವೆಗಳೊಳಗೆ ಅತ್ಯಲ್ಪ ಒತ್ತಡದಲ್ಲಿ ಮುಚ್ಚಿಟ್ಟ ತುಸು ನೀರು ಬಿಸಿಯ ತುದಿಯಲ್ಲಿ ಆವಿಯಾಗಿ, ತಂಪಿನ ತುದಿಯಲ್ಲಿ ಮತ್ತೆ ನೀರಾಗಿ ಹಿಂದಿರುಗುತ್ತ, ಬರಿಯ ತಾಮ್ರದ ಕಂಬಿಗಿಂತ ಬಹುಪಾಲು ಬೇಗನೆ ಕಾವನ್ನು ಮೇಲಕ್ಕೆ ಮುಟ್ಟಿಸುತ್ತದೆ. ನೀರು ಹರಿಸಿ ತಣಿಸುವ ಲಿಕ್ವಿಡ್ ಕೂಲರಿನ ಮೇಲೆ ಯುವಕರಿಗೆ ಮೋಹ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ, 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗದಂಥ ಮಹಾಗಣಕಗಳ ವರ್ಗದಲ್ಲಿ ದ್ರವದಿಂದ ತಣಿಸುವುದು ಅನಿವಾರ್ಯವಾಗುತ್ತಿದೆ. ಅಲ್ಲಿ ಒಂದೊಂದು ಕಪಾಟೂ ಉಗುಳುವ ಕಾವನ್ನು ಗಾಳಿಯೊಂದೇ ಹೊರಲಾರದು. ಮನೆಯ 65 ವಾಟಿನ ಪ್ರೊಸೆಸರಿಗೆ ಅದು ಬೇಕಿಲ್ಲ. ಅದರ ನೀರೂ ಕಡೆಗೆ ಅದೇ ಕೋಣೆಯ ಗಾಳಿಗೆ ಕಾವನ್ನು ಒಪ್ಪಿಸಬೇಕಷ್ಟೆ. ಆ ಹಣದಲ್ಲಿ ಕ್ಯಾಬಿನೆಟ್ಟಿನ ಮುಂದೆ ತಂಪುಗಾಳಿಯನ್ನು ಒಳತರುವ ಒಂದು ಫ್ಯಾನನ್ನೂ ಹಿಂದೆ ಹೊರದೂಡುವ ಒಂದನ್ನೂ ಹಾಕಿಸಿ, ಗಾಜಿನ ಮುಂಭಾಗದ ಬದಲು ಜಾಲರಿಯ ಮುಂಭಾಗವುಳ್ಳ ಪೆಟ್ಟಿಗೆಯನ್ನು ಆರಿಸಿಕೊಂಡರೆ ಹೆಚ್ಚು ಫಲವುಂಟು.

ಇದುವರೆಗೆ ಹೇಳಿದ್ದೆಲ್ಲ ಹುಟ್ಟಿದ ಕಾವನ್ನು ಸಾಗಿಸುವ ಮಾತಾಯಿತು; ಕಾವು ಹುಟ್ಟುವುದನ್ನೇ ಕಡಮೆ ಮಾಡುವ ದಾರಿಯೂ ಇದೆ, ಮತ್ತು ನನ್ನ ಎಣಿಕೆಯಲ್ಲಿ ಸೆಖೆಯ ಊರಿನವರು ಮೊದಲೇ ಅರಿತಿರಬೇಕಾದದ್ದು ಅದು. ಟ್ರಾನ್ಸಿಸ್ಟರುಗಳು ತೆರೆದು ಮುಚ್ಚುವುದರಿಂದ ಹುಟ್ಟುವ ಕಾವು ವೇಗಕ್ಕೆ ಸಮಪ್ರಮಾಣದಲ್ಲಿ ಏರುತ್ತದೆ, ವೋಲ್ಟೇಜಿನ ಮಟ್ಟಿಗೆ ಮಾತ್ರ ಅದರ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, 1.2 ವೋಲ್ಟನ್ನು 1.1ಕ್ಕೆ ಇಳಿಸಿದರೆ, ವೇಗ ಹಾಗೆಯೇ ಇದ್ದರೂ, ಈ ಬಗೆಯ ಕಾವು ನೂರಕ್ಕೆ ಹದಿನಾರು ಪಾಲು ತಗ್ಗುತ್ತದೆ. ಅತಿ ವೋಲ್ಟೇಜು ಎಂಥ ಅನರ್ಥಕ್ಕೆ ಎಡೆಗೊಡುತ್ತದೆಂಬುದು 2024ರಲ್ಲಿ ಜಗತ್ತಿಗೆಲ್ಲ ತಿಳಿಯಿತು; ಇಂಟೆಲ್ಲಿನ ಹದಿಮೂರು ಮತ್ತು ಹದಿನಾಲ್ಕನೆಯ ಪೀಳಿಗೆಯ ಕೆಲವು ಪ್ರೊಸೆಸರುಗಳು ಮಿತಿಮೀರಿದ ವೋಲ್ಟೇಜು ಬೇಡಿ ಕೆಡುತ್ತಿದ್ದುದು ಬಯಲಾಗಿ, ಸಂಸ್ಥೆಯು ಆಗಸ್ಟಿನಲ್ಲಿ ತಿದ್ದುಪಡಿ ಹೊರಡಿಸಿತು; ಅವುಗಳನ್ನು ಬಳಸುವವರು ಬಯಾಸನ್ನು ನವೀಕರಿಸಿಕೊಳ್ಳದಿದ್ದರೆ ಈಗಲಾದರೂ ಮಾಡಿಕೊಳ್ಳಬೇಕು. ವೋಲ್ಟೇಜನ್ನು ಕೈಯಾರೆ ತಿದ್ದುವುದು ತಿಳಿದವರ ಕೆಲಸ. ಆದರೆ ಬಯಾಸಿನಲ್ಲಿ 117 ವಾಟಿನ ಮಿತಿಯನ್ನು 65ಕ್ಕೆ ಇಳಿಸುವುದು ಯಾರಿಗೂ ಸಾಧ್ಯ. ವಿಂಡೋಸಿನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು ನೂರರಿಂದ 99ಕ್ಕೆ ಇಳಿಸಿದರೂ, ಎಷ್ಟೋ ಯಂತ್ರಗಳಲ್ಲಿ ಟರ್ಬೊ ಎಂಬ ಅವಸರದ ಓಟ ನಿಂತು ತಾಪವು ಕೂಡಲೇ ಕುಸಿಯುತ್ತದೆ. ಪತ್ರ ಟೈಪು ಮಾಡುವವರಿಗೂ ಲೆಕ್ಕ ಬರೆಯುವವರಿಗೂ ಇದರಿಂದ ಏನೂ ನಷ್ಟವಿಲ್ಲ.

ವಿಡಿಯೋ ಸಂಕಲಿಸುವವರಿಗೆ ಮಾತ್ರ ಕೆಲಸ ಕೊಂಚ ತಡವಾದೀತು. ಅವರಿಗೆ ನಮ್ಮ ಸೀಮೆಯ ಹವೆಯೇ ಒಂದು ಅನುಕೂಲವನ್ನು ಒದಗಿಸಿದೆ: ಬಯಲಿನಲ್ಲಿ ಬೇಸಗೆಯ ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ ಹತ್ತು ಡಿಗ್ರಿಗೂ ಮಿಕ್ಕಿದ ಅಂತರವಿರುತ್ತದೆ. ಸಂಕಲನವನ್ನು ಹಗಲು ಮಾಡಿಕೊಂಡು, ಪ್ರೊಸೆಸರನ್ನು ಗಂಟೆಗಟ್ಟಲೆ ಪೂರ್ಣ ದುಡಿಸುವ ಕಡೆಯ ರೆಂಡರಿಂಗನ್ನು ರಾತ್ರಿ ಎರಡರ ಮೇಲೆ ತಾನಾಗಿ ಆರಂಭವಾಗುವಂತೆ ಹೊಂದಿಸಿ, ಸೊಳ್ಳೆಪರದೆ ಹೊಡೆದ ಕಿಟಕಿಯನ್ನು ತೆರೆದಿಟ್ಟರೆ ಗೌರಿಬಿದನೂರಿನ ಯಂತ್ರವೂ ಪೂರ್ಣ ವೇಗದಲ್ಲಿಯೇ ಕೆಲಸ ಮುಗಿಸೀತು. ಯು.ಪಿ.ಎಸ್. ಬ್ಯಾಟರಿ ಸುಸ್ಥಿತಿಯಲ್ಲಿದೆಯೇ ಎಂಬುದನ್ನು ಮಾತ್ರ ಮಲಗುವ ಮುನ್ನ ನೋಡಿಕೊಳ್ಳಬೇಕು. ಏಪ್ರಿಲ್ ಮೇ ತಿಂಗಳುಗಳ ರಾತ್ರಿಯಲ್ಲಿ ಗಾಳಿ ಗುಡುಗು ಎದ್ದು ಕರೆಂಟು ಹೋಗುವುದು ನಮ್ಮ ಕಡೆ ಸಾಮಾನ್ಯ, ಅರ್ಧಕ್ಕೆ ನಿಂತ ರೆಂಡರಿಂಗನ್ನು ಬಹಳಮಟ್ಟಿಗೆ ಮೊದಲಿನಿಂದಲೇ ಮಾಡಬೇಕಾಗುತ್ತದೆ.